ಐವತ್ತು ಕಿಲೋ ಮತ್ತು ಕಾಣದ ಗಂಟು

ಡಾ. ಸುಲೋಚನಾ ಬಳಿಗೇರಳಿಗೆ ಎರಡು ತಿಂಗಳಿಂದ ಊಟ ಸೇರುತ್ತಿರಲಿಲ್ಲ. ಕಾಯಿಲೆಯೇನೂ ಇರಲಿಲ್ಲ, ಇದ್ದದ್ದು ಗುಟ್ಟು. ಹನ್ನೊಂದು ವರ್ಷ ಹುಡುಕಿದ ವಸ್ತು ಕೊನೆಗೂ ಸಿಕ್ಕಿತ್ತು. ಸಿಕ್ಕಿದೆ ಎಂದು ಯಾರ ಮುಂದೆಯೂ ಬಾಯಿ ಬಿಡುವಂತಿರಲಿಲ್ಲ.

ಆಕೆಯ ಊರು ಕಪ್ಪತಗುಡ್ಡದ ಮಗ್ಗುಲಿನ ಹೊನ್ನಹುಣಸಿ. ಬ್ರಿಟಿಷರ ಕಾಲದಲ್ಲಿ ಬಂಗಾರದ ಆಸೆಗೆ ಅಲ್ಲಿಯ ಗುಡ್ಡವನ್ನು ಕೊರೆದೂ ಕೊರೆದೂ, ಬಂಗಾರ ತೀರಿದ ಮೇಲೆ ತೂತನ್ನು ಮಾತ್ರ ಊರಿಗೆ ಬಿಟ್ಟು ಹೋಗಿದ್ದರು. ಆ ತೂತಿನ ತಳದಲ್ಲಿ, ನೆಲದಿಂದ ಒಂದು ಕಿಲೋಮೀಟರ್ ಕೆಳಗೆ, ಸುಲೋಚನಾಳ ಪ್ರಯೋಗಾಲಯ. ಅಷ್ಟು ಆಳಕ್ಕೆ ಯಾಕೆ ಹೋಗಬೇಕು ಎಂದು ಊರಿನವರು ಕೇಳಿದಾಗಲೆಲ್ಲ ಆಕೆ ಒಂದೇ ಉತ್ತರ ಕೊಡುತ್ತಿದ್ದಳು: ಆಕಾಶದಿಂದ ಹಗಲಿರುಳೂ ಸಣ್ಣ ಕಣಗಳ ಜಡಿಮಳೆ ಸುರಿಯುತ್ತಿರುತ್ತದೆ, ಆ ಗದ್ದಲದಲ್ಲಿ ಪಿಸುಮಾತು ಕೇಳಿಸುವುದಿಲ್ಲ, ಅದಕ್ಕೆ ಗುಡ್ಡವನ್ನೇ ಛತ್ರಿ ಮಾಡಿಕೊಂಡು ಕೂತಿದ್ದೇವೆ.

ಆಕೆ ಕಿವಿಗೊಟ್ಟು ಕೂತದ್ದು ಕಪ್ಪುದ್ರವ್ಯದ ಪಿಸುಮಾತಿಗೆ. ವಿಶ್ವದಲ್ಲಿರುವ ನಕ್ಷತ್ರ, ಕಲ್ಲು, ನೀರು, ನಾವು ನೀವು ಎಲ್ಲ ಸೇರಿ ಅಲ್ಲಿನ ಒಟ್ಟು ದ್ರವ್ಯದ ಆರರಲ್ಲಿ ಒಂದು ಪಾಲು ಅಷ್ಟೇ. ಉಳಿದ ಐದು ಪಾಲು ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಾಗುವುದಿಲ್ಲ, ಗೋಡೆಯೊಳಗಿಂದ ಗಾಳಿಗಿಂತ ಸಲೀಸಾಗಿ ಹಾದುಹೋಗುತ್ತದೆ. ಅದಕ್ಕೆ ಇರುವುದು ತೂಕ ಒಂದೇ. ಆ ಕಣಗಳಲ್ಲಿ ಯಾವುದೋ ಒಂದು ಎಂದೋ ಒಮ್ಮೆ ಪ್ರಯೋಗಾಲಯದ ಹರಳುಗಳಿಗೆ ಢಿಕ್ಕಿ ಹೊಡೆದರೆ ಒಂದು ಕಿಡಿಯಷ್ಟು ಬೆಳಕು ಮಿಂಚಬೇಕು. ಹರಳುಗಳ ಸುತ್ತ ತಾಮ್ರದ ಪೆಟ್ಟಿಗೆ, ಅದರ ಸುತ್ತ ಸೀಸದ ಗೋಡೆ. ಬಾಳೆಹಣ್ಣಿನೊಳಗಿನ ಪೊಟ್ಯಾಸಿಯಮ್ಮೂ ಒಂದಿಷ್ಟು ಕಿರಣ ಬಿಡುತ್ತದೆಂದು ಬಾಳೆಹಣ್ಣಿಗೂ ಅಲ್ಲಿ ಪ್ರವೇಶವಿರಲಿಲ್ಲ. ಸುಲೋಚನಾಳ ಅತ್ತೆ ನೀಲವ್ವ ಗುಡಿಯಿಂದ ತಂದುಕೊಟ್ಟ ಪ್ರಸಾದದ ಹಣ್ಣುಗಳನ್ನೆಲ್ಲ ಗೇಟಿನ ಕಾವಲುಗಾರನೇ ತಿಂದು ದಪ್ಪಗಾಗಿದ್ದ.

ಎರಡು ತಿಂಗಳ ಕೆಳಗೆ ಒಂದು ಮಧ್ಯಾಹ್ನ ಹರಳುಗಳೆಲ್ಲ ಒಟ್ಟಿಗೆ ಮಿಂಚಿದವು. ಒಂದು ಕಿಡಿಗೆ ಕಾದು ಕೂತಿದ್ದವಳ ಎದುರು ದೀಪಾವಳಿಯೇ ನಡೆದುಹೋಯಿತು. ಅರ್ಧ ನಿಮಿಷ, ಮತ್ತೆ ಕತ್ತಲೆ. ಯಂತ್ರ ಕೆಟ್ಟಿತು ಎಂದುಕೊಂಡು ಸುಲೋಚನಾ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದಳು. ಮರುದಿನ ಮತ್ತೆ ಮಿಂಚಿತು, ನಾಲ್ಕು ನಿಮಿಷ ಮೊದಲು. ಅದರ ಮರುದಿನ ಇನ್ನೂ ನಾಲ್ಕು ನಿಮಿಷ ಮೊದಲು. ಆಗ ಆಕೆ ತಂತಿಗಳನ್ನು ಕೈಬಿಟ್ಟಳು. ದಿನದಿನಕ್ಕೆ ನಾಲ್ಕು ನಿಮಿಷ ಮೊದಲು ಮೂಡುವುದು ನಕ್ಷತ್ರಗಳ ಚಾಳಿ. ಮನುಷ್ಯರ ಮೋಟಾರು, ಪಂಪು, ಲಿಫ್ಟು ಯಾವುದಕ್ಕೂ ಆ ಅಭ್ಯಾಸವಿಲ್ಲ.

ಲೆಕ್ಕ ಹಾಕಿ ನೋಡಿದಾಗ ತಿಳಿದದ್ದು ಇಷ್ಟು. ಕಪ್ಪುದ್ರವ್ಯದ ಒಂದು ದೊಡ್ಡ ಗಂಟು ಭೂಮಿಯೊಳಗೆ ಸಿಕ್ಕಿಬಿದ್ದಿದೆ. ಕಲ್ಲು ಅದನ್ನು ತಡೆಯುವುದಿಲ್ಲ. ಹಾಗಾಗಿ ಅದು ನಾಗರಪಂಚಮಿಯ ಜೋಕಾಲಿಯಂತೆ ಭೂಮಿಯ ಈ ಬದಿಯಿಂದ ಆ ಬದಿಗೆ, ನಡುಮಧ್ಯವನ್ನು ಹಾದು, ಜೀಕುತ್ತಲೇ ಇದೆ. ಜೋಕಾಲಿ ತುದಿಗೆ ಬಂದಾಗ ಒಂದು ಕ್ಷಣ ನಿಂತಂತಾಗುತ್ತದಲ್ಲ, ಆ ಕ್ಷಣ ದಿನಕ್ಕೊಮ್ಮೆ ಹೊನ್ನಹುಣಸಿಯ ಕೆಳಗೆ ಬೀಳುತ್ತಿತ್ತು. ಉಳಿದ ಜೀಕುಗಳ ತುದಿ ಬೀಳುತ್ತಿದ್ದುದು ಸಮುದ್ರದಲ್ಲಿ, ಕಾಡಿನಲ್ಲಿ, ಮರುಭೂಮಿಯಲ್ಲಿ. ಗಂಟು ಕೆಳಗೆ ಬಂದು ನಿಂತ ಅರ್ಧ ನಿಮಿಷ ಅದು ಮೇಲಿನದನ್ನೆಲ್ಲ ತನ್ನತ್ತ ಜಗ್ಗುತ್ತಿತ್ತು. ಐವತ್ತು ಕಿಲೋ ತೂಗುವ ವಸ್ತು ಆ ಹೊತ್ತಿನಲ್ಲಿ ಮುನ್ನೂರು ಗ್ರಾಂ ಹೆಚ್ಚು ತೂಗುತ್ತಿತ್ತು. ಸುರಂಗದಲ್ಲಿದ್ದ ಗುರುತ್ವ ಅಳೆಯುವ ಯಂತ್ರವೂ ಅದನ್ನೇ ಹೇಳಿತು.

ಇದು ಗೊತ್ತಿದ್ದವರು ಊರಲ್ಲಿ ಇಬ್ಬರೇ. ಸುಲೋಚನಾ ಒಬ್ಬಳು, ಪ್ರಯೋಗಾಲಯದ ಮುಖ್ಯಸ್ಥ ಡಾ. ವರದರಾಜ ಇನ್ನೊಬ್ಬರು. ಮೈಸೂರು ಕಡೆಯ ವರದರಾಜರು ನಿವೃತ್ತಿಯ ಅಂಚಿನಲ್ಲಿದ್ದ, ಕೆಮ್ಮುವಾಗಲೂ ಕರವಸ್ತ್ರ ಮಡಿಸಿ ಕೆಮ್ಮುವ ಮನುಷ್ಯ. ಅವರು ಸುಲೋಚನಾಳನ್ನು ಕೂರಿಸಿಕೊಂಡು ಹೇಳಿದ್ದರು: "ನೋಡಿ ಸುಲೋಚನಾ, ವಿದೇಶದ ಜೊತೆಗಾರರು ನಮ್ಮ ಅಂಕಿಅಂಶಗಳನ್ನೆಲ್ಲ ಪರೀಕ್ಷೆ ಮಾಡಿ ಸೈ ಅನ್ನೋವರೆಗೂ ಗಂಡ, ಅತ್ತೆ, ದೇವರು ಯಾರಿಗೂ ಹೇಳಕೂಡದು. ಬಾಯಿಬಿಟ್ಟೋರ ಹೆಸರನ್ನ ಲೇಖನದಿಂದ ತೆಗೀತಾರಂತೆ. ಕರಾರೇ ಹಾಗಿದೆ."

ಹನ್ನೊಂದು ವರ್ಷದ ದುಡಿಮೆಗೆ ಸಿಗುವುದು ಆ ಒಂದು ಹೆಸರು. ಸುಲೋಚನಾ ಬಾಯಿಗೆ ಬೀಗ ಹಾಕಿಕೊಂಡಳು.

ಬೀಗ ಅಲುಗಾಡಿದ್ದು ಒಂದು ಮುಂಜಾನೆ, ರೊಟ್ಟಿ ತಿನ್ನುವ ಹೊತ್ತಿಗೆ.

ಆಕೆಯ ಗಂಡ ಫಕೀರಪ್ಪ ಊರಿನ ಕ್ರೀಡಾ ವಸತಿನಿಲಯದಲ್ಲಿ ಹುಡುಗಿಯರಿಗೆ ಕುಸ್ತಿ ಕಲಿಸುವ ತರಬೇತುದಾರ. ಮದುವೆಯಾದಾಗ ಊರವರು ಇದೆಂಥ ಜೋಡಿ ಎಂದಿದ್ದರು. ಒಬ್ಬರು ಕಾಣದ್ದನ್ನು ಹಿಡಿಯುವವರು, ಇನ್ನೊಬ್ಬರು ಕಂಡವರನ್ನೆಲ್ಲ ಹಿಡಿದು ಕೆಡವುವವರು. ಅಂದು ಹೊನ್ನಹುಣಸಿಯಲ್ಲೇ ರಾಜ್ಯ ತಂಡದ ಆಯ್ಕೆಯ ಕುಸ್ತಿ. ಫಕೀರಪ್ಪನ ಕಣ್ಮಣಿ ಕಸ್ತೂರಿ ತಳವಾರ ಐವತ್ತು ಕಿಲೋ ವಿಭಾಗಕ್ಕೆ ಇಳಿಯುವವಳಿದ್ದಳು.

"ನಿನ್ನಿ ಮಧ್ಯಾಹ್ನದಿಂದ ಹುಡುಗಿ ಒಂದ ಹನಿ ನೀರು ಕುಡಿದಿಲ್ಲ," ಎಂದ ಫಕೀರಪ್ಪ, ತಾನು ಮಾತ್ರ ಐದನೆಯ ರೊಟ್ಟಿಗೆ ಝುಣಕ ಹಚ್ಚಿಕೊಳ್ಳುತ್ತ. "ಎರಡ ಸ್ವೆಟರ್ ಹಾಕ್ಕೊಂಡು ಹಗ್ಗ ಜಿಗ್ಯಾಕ ಹತ್ಯಾಳ. ಇನ್ನೂ ಒಂದ್ ನೂರೈವತ್ತು ಗ್ರಾಂ ಇಳೀಬೇಕು. ತೂಕ ಹಾಕೂದು ಹನ್ನೊಂದಕ್ಕ ಬಂದ್ ಮಾಡ್ತಾರ. ಕಡೇ ಗಳಿಗಿತನಾ ಬೆವರಿಳಿಸಿ, ಹನ್ನೊಂದಕ್ಕ ಎರಡ ನಿಮಿಷ ಇದ್ದಾಗ ಮಷಿನ್ ಮ್ಯಾಲ ನಿಲ್ಲಸ್ತೀನಿ."

ಸುಲೋಚನಾ ಮುರಿದ ರೊಟ್ಟಿಯನ್ನು ತಾಟಿಗೇ ಹಾಕಿದಳು. ಗಂಟು ಅಂದು ಬರುವುದು ಹನ್ನೊಂದಕ್ಕೆ ಎರಡು ನಿಮಿಷ ಇದ್ದಾಗಲೇ.

"ಸ್ವಲ್ಪ ಮೊದಲ ನಿಲ್ಲಸ್ರಿ," ಎಂದಳು ನೀರು ಕುಡಿದು.

"ಮೊದಲ ನಿಲ್ಲಿಸಿದ್ರ ತೂಕ ಜಾಸ್ತಿ ಬರ್ತೈತಿ."

"ಹಂಗಾರ ಒಂದ ನಿಮಿಷ ತಡಾ ಮಾಡಿ ನಿಲ್ಲಸ್ರಿ."

"ತಡಾ ಆದ್ರ ಬಾಗಿಲಾ ಹಾಕ್ತಾರ. ಒಂದ ನಿಮಿಷಕ್ಕ ಏನ ಆಗ್ತೈತಿ?"

"ಆ ಹೊತ್ತು ಛಲೋ ಇಲ್ರಿ."

ಆಡಿದ ಮೇಲೆ ಆಕೆ ನಾಲಿಗೆ ಕಚ್ಚಿಕೊಂಡಳು. ಫಕೀರಪ್ಪನ ಕೈಯೊಳಗಿನ ತುತ್ತು ಅಲ್ಲೇ ನಿಂತಿತು. ಅಡುಗೆಮನೆಯಿಂದ ನೀಲವ್ವ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನಂದಿ? ಹೊತ್ತು ಛಲೋ ಇಲ್ಲಂದಿ?" ಮುದುಕಿಯ ಮುಖ ಅರಳಿತ್ತು. "ನಾ ಹದಿನೈದು ವರ್ಷದಿಂದ ರಾಹುಕಾಲ ನೋಡಿ ಹೊರಗ ಬೀಳವಾ ಅಂತ ಬಡ್ಕೊಂಡೆ. ನಕ್ಕಿದ್ದಿ. ಈಗ ದಾರಿಗಿ ಬಂದಿ ನೋಡು!"

"ಅತ್ತೀ, ರಾಹುಕಾಲ ಅಲ್ರಿ ಅದು..."

"ಮತ್ತೇನು? ಗುಳಿಕ ಕಾಲೋ?"

ಸುಲೋಚನಾ ತಾಟು ಎತ್ತಿಕೊಂಡು ಎದ್ದಳು. ಫಕೀರಪ್ಪನಿಗೆ ನಗು ತಡೆಯಲಾಗಲಿಲ್ಲ. "ಯಾವ ಹೊತ್ತೂ ಕೆಟ್ಟಿಲ್ಲ, ಎಲ್ಲಾ ಹೊತ್ತೂ ಒಂದ ಅಂತ ನನಗ ಕಲಿಸಿದಾಕಿ ನೀನ ಅಲ್ಲೇನು? ಮುಹೂರ್ತ ನೋಡದ ಮದುವಿ ಮಾಡ್ಕೊಂಡೀವಿ ನಾವು. ಹೊಂಟೆ, ಹನ್ನೊಂದಕ್ಕ ಎರಡ ನಿಮಿಷ ಇದ್ದಾಗನ ನಿಲ್ಲಸ್ತೀನಿ. ನಿನ್ನ ವಿಜ್ಞಾನದ ಮ್ಯಾಲಿನ ನಂಬಿಗಿಯಿಂದ!"

ಆತ ಸೀಟಿ ಹಾಕುತ್ತ ಹೊರಟ. ನೀಲವ್ವ ಸೊಸೆಯ ಹಣೆಗೆ ವಿಭೂತಿ ಹಚ್ಚಿದಳು. ಸುಲೋಚನಾ ಅದನ್ನು ಒರೆಸಿಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ.

ಗಣಿಯ ಪಂಜರದಂಥ ಲಿಫ್ಟಿನಲ್ಲಿ ಕೆಳಗಿಳಿಯುವಾಗ ಆಕೆಯ ತಲೆಯಲ್ಲಿ ಕಸ್ತೂರಿಯೇ. ಆ ಹುಡುಗಿ ಎಷ್ಟೋ ಸಲ ಮನೆಗೆ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತು ಊಟ ಮಾಡಿದ್ದಳು. ತೂಕ ಇಳಿಸುವ ವಾರದಲ್ಲಿ ಮಾತ್ರ ಅಡುಗೆಮನೆಯ ಕಡೆ ಮುಖ ಮಾಡುತ್ತಿರಲಿಲ್ಲ, ವಾಸನೆಗೇ ಹಸಿವಾಗುತ್ತದೆಂದು.

ನಿಯಂತ್ರಣ ಕೋಣೆಯಲ್ಲಿ ವರದರಾಜರು ಪರದೆಯ ಮುಂದೆ ಕೂತಿದ್ದರು. ಸುಲೋಚನಾ ನಿಂತಲ್ಲೇ ವಿಷಯವನ್ನೆಲ್ಲ ಹೇಳಿದಳು.

"ಬಹಳ ಬೇಸರದ ಸಂಗತಿ," ಎಂದರು ವರದರಾಜರು. "ಆದರೆ ಏನು ಮಾಡೋಕಾಗುತ್ತೆ? ಯಾರೋ ಒಬ್ಬ ಹುಡುಗಿ, ಮುನ್ನೂರು ಗ್ರಾಂ. ಮುಂದಿನ ವರ್ಷ ಮತ್ತೆ ಆಡ್ತಾಳೆ. ಇತ್ತ ಕಡೆ ಮನುಕುಲದ ಅತಿ ದೊಡ್ಡ ಶೋಧ ಇದೆ."

"ಸರ್, ಈ ಹನ್ನೊಂದು ವರ್ಷ ನಾವು ಮಾಡಿದ್ದಾದ್ರೂ ಏನು?" ಸುಲೋಚನಾಳ ದನಿ ಏರಿತು. "ಹರಳು ಮಿಂಚಿದಾಗೆಲ್ಲ ಇದು ಬಂಡೆಗಲ್ಲಿಂದೋ, ಸೀಸದ್ದೋ, ನಮ್ಮ ಬೆವರಿಂದೋ ಅಂತ ಆರಿಸಿ ಆರಿಸಿ ಬ್ಯಾರೆ ಇಟ್ವಿ. ಒಬ್ಬರದನ್ನ ಇನ್ನೊಬ್ಬರ ಲೆಕ್ಕಕ್ಕ ಹಚ್ಚಲಿಲ್ಲ. ಇವತ್ತು ಆ ಗಂಟಿನ ತೂಕ ಹುಡುಗಿ ಲೆಕ್ಕಕ್ಕ ಬೀಳ್ತೈತಿ ಅಂತ ಗೊತ್ತಿದ್ದೂ ಸುಮ್ನ ಕುಂದ್ರಲೇನು?"

ವರದರಾಜರು ಕರವಸ್ತ್ರ ಮಡಿಸಿ ಕೆಮ್ಮಿದರು. "ನಿಮ್ಮ ಹೆಸರು ಹೋಗುತ್ತೆ ಸುಲೋಚನಾ."

"ಹೋಗ್ಲಿ ಬಿಡ್ರಿ," ಎಂದಳು ಆಕೆ. ಎಂದವಳೇ ಹೊರಗೆ ಬಂದಳು. ಲಿಫ್ಟಿನ ಗಂಟೆ ಬಾರಿಸಿದಳು.

ಆ ಲಿಫ್ಟು ಮೇಲೇರುವ ನಿಧಾನವನ್ನು ಸುಲೋಚನಾ ಆವರೆಗೆ ಗಮನಿಸಿರಲೇ ಇಲ್ಲ. ನೆಲಕ್ಕೆ ಬಂದವಳೇ ಗಂಡನಿಗೆ ಫೋನು ಹಚ್ಚಿದಳು, ಆತ ಎತ್ತದಿದ್ದಾಗ ಸ್ಕೂಟಿ ಹತ್ತಿದಳು. ತಲೆಯ ಮೇಲೆ ಗಣಿಯ ಹೆಲ್ಮೆಟ್ಟು, ಅದರ ಹಣೆಯಲ್ಲಿ ಉರಿಯುತ್ತಿದ್ದ ದೀಪ, ಕಾಲಿಗೆ ರಬ್ಬರ್ ಬೂಟು, ಹಣೆಗೆ ವಿಭೂತಿ. ಸಂತೆಪೇಟೆಯಲ್ಲಿ ಜನ ದಾರಿ ಬಿಟ್ಟು ನಿಂತರು. ಗಣಿ ಕುಸಿದಿದೆ ಎಂದು ಯಾರೋ ಕೂಗಿದ್ದೂ ಕೇಳಿಸಿತು.

ವಸತಿನಿಲಯದ ಸಭಾಂಗಣದಲ್ಲಿ ತೂಕದ ಮೇಜಿಗೆ ಕೂತವರು ಗುರಮ್ಮ ಮೇಟಿ. ಮೇಟಿ ಮೇಡಂ ಎಂದರೆ ಕುಸ್ತಿ ಹುಡುಗಿಯರು ಉಸಿರನ್ನೂ ಅರ್ಧವೇ ಎಳೆದುಕೊಳ್ಳುತ್ತಿದ್ದರು, ಉಸಿರಿಗೂ ತೂಕವಿರುತ್ತದೆಂಬ ಭಯಕ್ಕೆ. ಅವರ ಮುಂದೆ ಹೊಳೆಯುವ ಎಲೆಕ್ಟ್ರಾನಿಕ್ ತೂಕದ ಯಂತ್ರ. ಫಕೀರಪ್ಪ ಕೈಯಲ್ಲಿ ಕತ್ತರಿ ಹಿಡಿದು ಕಸ್ತೂರಿಯ ಜಡೆಯನ್ನೇ ನೋಡುತ್ತ ನಿಂತಿದ್ದ, ಅಕಸ್ಮಾತ್ ಬೇಕಾದರೆ ಇರಲಿ ಎಂದು.

"ರೀ, ನಿಲ್ಲಸ್ಬ್ಯಾಡ್ರಿ!" ಸುಲೋಚನಾ ಬಾಗಿಲಿನಿಂದಲೇ ಕೂಗಿದಳು. "ಒಂದ ನಿಮಿಷ ತಡೀರಿ!"

"ಯಾರೀಕಿ?" ಎಂದರು ಮೇಟಿ ಮೇಡಂ.

"ನನ್ನ ಹೆಂಡ್ತಿ ರೀ," ಎಂದ ಫಕೀರಪ್ಪ ಕುಗ್ಗಿದ ದನಿಯಲ್ಲಿ.

"ಕುಸ್ತಿ ಹೊರಗ ಇಟ್ಕೋರಿ. ಹುಡುಗೀ, ನಿಂದರ್ತಿ ಏನು ಬಾಗಲಾ ಹಾಕ್ಲಿ?"

ಕಸ್ತೂರಿ ಗಾಬರಿಯಲ್ಲಿ ಒಮ್ಮೆ ಗುರುವನ್ನೂ ಒಮ್ಮೆ ಗುರುಪತ್ನಿಯನ್ನೂ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಯಂತ್ರದ ಮೇಲೆ ಕಾಲಿಟ್ಟಳು. ಪರದೆಯ ಮೇಲೆ ಐವತ್ತು ದಾಟಿ ನೂರು ಗ್ರಾಂ ಎಂದು ಕೆಂಪಗೆ ಮೂಡಿತು. ನೋಡುತ್ತಿದ್ದಂತೆಯೇ ಇನ್ನೂರಕ್ಕೆ ಹೋಯಿತು.

"ಜಾಸ್ತಿ. ಹೊರಗ," ಎಂದರು ಮೇಟಿ ಮೇಡಂ.

ಕಸ್ತೂರಿಯ ತುಟಿ ನಡುಗಿತು. ಅಳಲು ಮೈಯಲ್ಲಿ ನೀರೇ ಉಳಿದಿರಲಿಲ್ಲ. ಇಳಿಯಲು ಕಾಲೆತ್ತಿದವಳ ಭುಜವನ್ನು ಮುಟ್ಟದೆಯೇ ಸುಲೋಚನಾ ಎರಡೂ ಕೈ ಚಾಚಿ ತಡೆದಳು. "ಇಳೀಬ್ಯಾಡವ್ವಾ! ಹಂಗ ನಿಂದರು. ಅಲುಗಬ್ಯಾಡ. ಎಲ್ಲಾರೂ ಇತ್ತ ನೋಡ್ರಿ. ಈಗ ಇಳೀತೈತಿ. ತಾನ ಇಳೀತೈತಿ!"

ಸಭಾಂಗಣದಲ್ಲಿ ಇದ್ದವರೆಲ್ಲ ಪರದೆಯತ್ತ ಬಗ್ಗಿದರು. ಕಸ್ತೂರಿ ಕಲ್ಲಿನ ಹಾಗೆ ನಿಂತಿದ್ದಳು. ಇನ್ನೂರು ಇದ್ದದ್ದು ನೂರೈವತ್ತಾಯಿತು. ನೂರೈವತ್ತು ನೂರಾಯಿತು. ಆಮೇಲೆ ಸರಿಯಾಗಿ ಐವತ್ತು. ಕೊನೆಗೆ ನಲವತ್ತೊಂಬತ್ತು ಕಿಲೋ ಒಂಬೈನೂರಕ್ಕೆ ಬಂದು ಅಲ್ಲೇ ನಿಂತಿತು.

ಬಾಗಿಲಲ್ಲಿ ನಿಂತಿದ್ದ ಸ್ಥಳೀಯ ಪತ್ರಿಕೆಯ ವರದಿಗಾರ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದ.

"ಮಷಿನ್ ಕೆಟ್ಟೈತಿ," ಎಂದರು ಮೇಟಿ ಮೇಡಂ ಕೊನೆಗೆ.

ಆ ಮಾತು ಆಡಬಾರದಿತ್ತು. ಮುಂಜಾನೆಯಿಂದ ಹೊರಬಿದ್ದಿದ್ದ ಹುಡುಗಿಯರ ತರಬೇತುದಾರರೆಲ್ಲ ಒಂದೇ ಸಲ ಮೇಜಿನ ಮೇಲೆ ಮುಗಿಬಿದ್ದರು. "ಕೆಟ್ಟಿದ್ರ ನಮ್ಮ ಹುಡುಗೀನ್ನ ಯಾಕ ಹೊರಗ ಹಾಕಿದ್ರಿ? ಎಲ್ಲಾರ್ನೂ ಮತ್ತ ತೂಗ್ರಿ! ಮೊದಲಿಂದ ತೂಗ್ರಿ!" ಹೊರಬಿದ್ದಿದ್ದ ಹುಡುಗಿಯೊಬ್ಬಳು ಅದಾಗಲೇ ನಾಲ್ಕು ಬಾಳೆಹಣ್ಣು, ಒಂದು ಪ್ಲೇಟ್ ಗಿರ್ಮಿಟ್ಟು ಮುಗಿಸಿದ್ದಳು. ಆಕೆ ಗೋಳೋ ಎಂದು ಅತ್ತಳು.

"ಮಷಿನ್ ಕೆಟ್ಟಿಲ್ರಿ!" ಸುಲೋಚನಾ ಕುರ್ಚಿಯ ಮೇಲೆ ಹತ್ತಿ ನಿಂತಳು. ಹಣೆಯ ದೀಪ ಮೇಟಿ ಮೇಡಂ ಮುಖಕ್ಕೇ ಹೊಡೆಯುತ್ತಿತ್ತು. ಆಮೇಲೆ ಎರಡು ತಿಂಗಳು ಗಂಟಲಲ್ಲಿ ಕೂತಿದ್ದುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಕಪ್ಪುದ್ರವ್ಯ, ಗಂಟು, ಜೋಕಾಲಿ, ಅರ್ಧ ನಿಮಿಷ. "ನಾಳೆ ಇದಕ್ಕಿಂತ ನಾಕ ನಿಮಿಷ ಮೊದಲ ಬರ್ತೈತಿ. ನಂಬಿಗಿ ಇಲ್ಲಂದ್ರ ಒಂದ ಕಲ್ಲಿಟ್ಟು ನೋಡ್ರಿ. ಇವತ್ತು ಆ ಗಂಟು ಈ ಹುಡುಗೀನ್ನ ಕೆಳಗಿಂದ ಜಗ್ಗೇತಿ. ಜಾಸ್ತಿ ಬಂದ ತೂಕ ಈಕೀದಲ್ಲ."

ಮೇಟಿ ಮೇಡಂ ಒಮ್ಮೆ ಯಂತ್ರವನ್ನು ನೋಡಿದರು, ಒಮ್ಮೆ ಮುಗಿಬಿದ್ದ ಜನವನ್ನು. ಯಂತ್ರ ಕೆಟ್ಟಿದೆ ಎಂದರೆ ಸಂಜೆಯತನಕ ಬಿಡುಗಡೆಯಿಲ್ಲ. ಗಂಟು ಇದೆ ಎಂದರೆ ಒಬ್ಬ ಹುಡುಗಿಯ ಪ್ರಶ್ನೆ ಮಾತ್ರ. ಮೂವತ್ತು ವರ್ಷದ ಅನುಭವ ಅವರ ಕೈಹಿಡಿಯಿತು. ಪೆನ್ನು ತೆಗೆದರು.

"ಏನಂತ ಬರೀಲಿ ನಿಮ್ಮ ಗಂಟಿಗೆ?"

"ಕಪ್ಪುದ್ರವ್ಯ."

"'ದ್ರ'ದ ಮುಂದ 'ವ್ಯ'ನೋ 'ವೈ'ನೋ?"

ಹೀಗೆ ಮನುಕುಲದ ಅತಿ ದೊಡ್ಡ ಶೋಧ ಮೊದಲ ಬಾರಿಗೆ ಸರಕಾರಿ ದಾಖಲೆಗೆ ಸೇರಿತು, ಐವತ್ತು ಕಿಲೋ ವಿಭಾಗದ ಷರಾ ಅಂಕಣದಲ್ಲಿ. ಆದರೂ ಮೇಟಿ ಮೇಡಂ ಅಷ್ಟಕ್ಕೇ ಬಿಡುವವರಲ್ಲ. ಪಕ್ಕದ ಅಡತಿ ಅಂಗಡಿಯಿಂದ ಎರಡು ತಟ್ಟೆಯ ಹಳೆಯ ತಕ್ಕಡಿ ತರಿಸಿದರು. ಸುಲೋಚನಾಳಿಗೆ ಖುಷಿಯೇ ಆಯಿತು. "ಇದು ಇನ್ನೂ ಛಲೋ ಆತ್ರಿ. ಗಂಟು ಕಲ್ಲನ್ನೂ ಹುಡುಗೀನ್ನೂ ಒಂದ ಥರಾ ಜಗ್ಗತೈತಿ. ಈ ತಕ್ಕಡಿಗೆ ಅದರ ಆಟ ನಡಿಯೂದಿಲ್ಲ." ಒಂದು ತಟ್ಟೆಯಲ್ಲಿ ಐವತ್ತು ಕಿಲೋ ಕಬ್ಬಿಣದ ಕಲ್ಲು, ಇನ್ನೊಂದರಲ್ಲಿ ಮೊಣಕಾಲು ಮಡಿಸಿ ಕೂತ ಕಸ್ತೂರಿ. ಕಸ್ತೂರಿಯ ತಟ್ಟೆ ಮೇಲೇರಿತು. ಸಮ ಮಾಡಲು ಅಂಗಡಿಯವನು ಆಕೆಯ ಮಡಿಲಿಗೆ ಮುಷ್ಟಿ ಮುಷ್ಟಿಯಾಗಿ ಶೇಂಗಾ ಸುರಿಯಬೇಕಾಯಿತು. ತೂಕ ಆಯಿತೆಂದು ಮೇಟಿ ಮೇಡಂ ತಲೆಯಾಡಿಸಿದ್ದೇ ತಡ, ಕಸ್ತೂರಿ ತಟ್ಟೆಯಲ್ಲಿ ಕೂತಲ್ಲೇ ಅಷ್ಟನ್ನೂ ಸುಲಿದು ತಿಂದಳು.

ಆ ಮಧ್ಯಾಹ್ನ ಕಸ್ತೂರಿ ಎರಡು ಕುಸ್ತಿ ಗೆದ್ದು ಮೂರನೆಯದರಲ್ಲಿ ಸೋತಳು. ಬೆಳಗಾವಿಯ ಎತ್ತರದ ಹುಡುಗಿಯೊಬ್ಬಳು ಒಂದೇ ಅಂಕದಿಂದ ಗೆದ್ದು ರಾಜ್ಯ ತಂಡಕ್ಕೆ ಹೋದಳು. ಸುಲೋಚನಾ ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತಿದ್ದಳು. ಹನ್ನೊಂದು ವರ್ಷ ಕೊಟ್ಟು ಕೊಂಡದ್ದು ಒಂದು ಸೋಲನ್ನೇ ಎಂಬ ವಿಚಾರ ಬಂತು. ಮನೆಗೆ ಹೋಗುವ ದಾರಿಯಲ್ಲಿ ಫಕೀರಪ್ಪ ಕೇಳಿದ: "ಮುಂಜಾನೆ ಹೇಳಿದ್ರ ನಾ ಯಾರಿಗೆ ಹೇಳ್ತಿದ್ದೆ?"

"ಎಲ್ಲಾರಿಗೂ ಹೇಳ್ತಿದ್ರಿ."

ಆತ ವಿಚಾರ ಮಾಡಿದ. "ಹೌದು," ಎಂದು ಒಪ್ಪಿಕೊಂಡ.

ವರದಿಗಾರನ ವಿಡಿಯೋ ಸಂಜೆಯೊಳಗೆ ಊರೂರು ಸುತ್ತಿತು. ವಿದೇಶದ ಜೊತೆಗಾರರು ಕೆಂಡವಾದರು. ಕುಸ್ತಿಯ ಕಣದಲ್ಲಿ ಕುರ್ಚಿ ಹತ್ತಿ ಪ್ರಕಟಿಸಿದ ಶೋಧವನ್ನು ವಿಜ್ಞಾನ ಎನ್ನುವುದು ಹೇಗೆ, ನಿಮ್ಮ ಯಂತ್ರಗಳೇ ಸರಿಯಿಲ್ಲ ಎಂದು ಬರೆದರು. ಸುಲೋಚನಾಳನ್ನು ಕಡ್ಡಾಯ ರಜೆಯ ಮೇಲೆ ಮನೆಗೆ ಕಳಿಸಲಾಯಿತು. ವಿಚಾರಣೆಗೆ ದಿಲ್ಲಿಯಿಂದ ಸಮಿತಿ ಬರುವುದೆಂದೂ ತಿಳಿಯಿತು.

ಆದರೆ ಹೊನ್ನಹುಣಸಿ ಸಮಿತಿಗಾಗಿ ಕಾಯಲಿಲ್ಲ. ಮರುದಿನ ಸುಲೋಚನಾ ಹೇಳಿದ ಹೊತ್ತಿಗೆ ಊರಿಗೆ ಊರೇ ತೂಕದ ಯಂತ್ರದ ಮುಂದೆ ನಿಂತಿತ್ತು. ಕಿರಾಣಿ ಅಂಗಡಿ, ರೇಷನ್ ಅಂಗಡಿ, ಗ್ಯಾಸ್ ಗೋದಾಮು, ರೈಲು ನಿಲ್ದಾಣದ ಪಾರ್ಸಲ್ ಆಫೀಸು, ಆಸ್ಪತ್ರೆಯಲ್ಲಿ ಕೂಸುಗಳನ್ನು ತೂಗುವ ತೊಟ್ಟಿಲು, ಎಲ್ಲ ಕಡೆ ಅಂಕಿಗಳು ಏರಿ ಇಳಿದವು. ಜನ ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಒಂದೇ ವಾರದಲ್ಲಿ "ಗಂಟಿನ ಹೊತ್ತು" ಊರಿನ ದಿನಚರಿಯೊಳಗೆ ಸೇರಿಕೊಂಡಿತು. ಆ ಹೊತ್ತಿನಲ್ಲಿ ಯಾರೂ ತೂಗಿಸಿ ಏನನ್ನೂ ಕೊಳ್ಳುತ್ತಿರಲಿಲ್ಲ. ಮಾರುವವರು ಮಾತ್ರ ಆ ಹೊತ್ತಿಗೇ ಗಿರಾಕಿಯನ್ನು ಮಾತಿನಲ್ಲಿ ಹಿಡಿದು ನಿಲ್ಲಿಸಿಕೊಳ್ಳಲು ನೋಡುತ್ತಿದ್ದರು. ಅಕ್ಕಸಾಲಿಗರು ಅಟ್ಟದ ಮೇಲಿನ ಹಳೆಯ ತಕ್ಕಡಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಕೆಳಗಿಳಿಸಿದರು. ಬೆಲ್ಲ ಉಳಿಸುವ ಆಸೆಗೆ ಹರಕೆಯ ತುಲಾಭಾರವನ್ನು ಗಂಟಿನ ಹೊತ್ತಿಗೇ ಮಾಡಿಸಿದ ಒಬ್ಬ ಗುತ್ತಿಗೆದಾರ, ತಕ್ಕಡಿಯಲ್ಲಿ ಬೆಲ್ಲ ಒಂದು ಚೂರೂ ಹೆಚ್ಚು ಕಡಿಮೆ ಆಗಲಿಲ್ಲವೆಂದು ಪೂಜಾರಿಯ ಮೇಲೆ ರೇಗಾಡಿದ. ಬಸುರಿಯರು ಬಂದು ಕೇಳಿದರೆ ಸುಲೋಚನಾ ಕೂರಿಸಿ ಚಹಾ ಕೊಟ್ಟು, ಅದು ಯಾರನ್ನೂ ಏನೂ ಮಾಡುವುದಿಲ್ಲ, ಬರೀ ಹಾದುಹೋಗುತ್ತದೆ ಎಂದು ಧೈರ್ಯ ಹೇಳುತ್ತಿದ್ದಳು. ನೀಲವ್ವ ಮಾತ್ರ ಓಣಿಯಲ್ಲಿ "ನಮ್ಮ ಸೊಸಿ ಕಂಡುಹಿಡಿದ ರಾಹು" ಎಂದೇ ಹೇಳಿಕೊಂಡು ತಿರುಗುತ್ತಿದ್ದಳು. ತಿದ್ದಿ ತಿದ್ದಿ ಸುಲೋಚನಾಳಿಗೆ ಸಾಕಾಯಿತು.

ಈ ನಡುವೆ ವರದರಾಜರು ತಮ್ಮ ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಮಾಡಿದರು. ಕರವಸ್ತ್ರವನ್ನು ಜೇಬಿನಲ್ಲಿಟ್ಟು ಅಂಗಡಿ ಅಂಗಡಿ ತಿರುಗಿದರು. ಆಲೂಗಡ್ಡೆ ಮೂಟೆ, ಗ್ಯಾಸ್ ಸಿಲಿಂಡರು, ನಾಲ್ಕು ದಿನದ ಕೂಸು, ಎಲ್ಲದರ ತೂಕ ಏರಿ ಇಳಿದ ಬಗೆಯನ್ನು ಒಟ್ಟುಮಾಡಿ ವಿದೇಶಕ್ಕೆ ಕಳಿಸಿದರು. ಒಂದು ಪ್ರಯೋಗಾಲಯದ ಯಂತ್ರ ಕೆಟ್ಟಿರಬಹುದು. ಒಂದು ಊರಿನ ತೂಕದ ಯಂತ್ರಗಳೆಲ್ಲ ಒಂದೇ ಅರ್ಧ ನಿಮಿಷಕ್ಕೆ ದಿನಾ ಕೆಡುವುದಕ್ಕೆ ಸಾಧ್ಯವೇ ಎಂದು ಕೇಳಿದರು. ಅತ್ತ ಕಡೆಯವರು ಬಹಳ ದಿನ ಲೆಕ್ಕ ಹಾಕಿದರು. ಆಮೇಲೆ ಒಂದೇ ಸಾಲಿನ ಉತ್ತರ ಬಂತು: ಒಪ್ಪಿದ್ದೇವೆ.

ದಿಲ್ಲಿಯ ಸಮಿತಿ ಬಂದಾಗ ವಾತಾವರಣ ಬೇರೆಯಾಗಿತ್ತು. ಆದರೂ ಅಧ್ಯಕ್ಷರು ಕನ್ನಡಕ ಕೆಳಗಿಳಿಸಿ ಕೇಳಿದರು, ಕರಾರು ಮುರಿದದ್ದು ನಿಜ ತಾನೆ? ನಿಜ ಎಂದಳು ಸುಲೋಚನಾ. ಮತ್ತೆ ಅಂಥ ಸಂದರ್ಭ ಬಂದರೆ? ಮತ್ತೆ ಮುರಿಯುತ್ತೇನೆ, ಆದರೆ ಈ ಸಲ ಗಂಡನಿಗೆ ಹಿಂದಿನ ದಿನವೇ ಹೇಳಿ ಮುರಿಯುತ್ತೇನೆ, ಲಿಫ್ಟಿಗೆ ಕಾಯುವುದು ತಪ್ಪುತ್ತದೆ ಎಂದಳು. ಸಮಿತಿ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿತು. ಬಾಗಿಲ ಸಂದಿನಿಂದ ನೋಡಿದ ಜವಾನನ ಪ್ರಕಾರ ಒಳಗೆ ಮೊದಲು ನಡೆದದ್ದು ಸದಸ್ಯರೆಲ್ಲ ಸರದಿಯ ಮೇಲೆ ತೂಕ ನೋಡಿಕೊಂಡದ್ದು. ಗಂಟು ಬಂದು ಹೋದ ಮೇಲೂ ಅಧ್ಯಕ್ಷರ ತೂಕ ಅವರು ನೆನೆಸಿದಷ್ಟು ಇಳಿಯಲಿಲ್ಲವಂತೆ.

ಕೊನೆಗೆ ತೀರ್ಮಾನ ಬಂತು. ಸುಲೋಚನಾಳ ಹೆಸರು ಲೇಖನದಲ್ಲಿ ಇರುತ್ತದೆ. ಆದರೆ ಶಿಸ್ತಿನ ದೃಷ್ಟಿಯಿಂದ, ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಮೊದಲ ಪುಟದಲ್ಲಿ ಬರಬೇಕಿದ್ದ ಬಳಿಗೇರ ಎಂಬ ಹೆಸರು ಮುನ್ನೂರು ಲೇಖಕರ ಕಟ್ಟಕಡೆಗೆ ಬರುತ್ತದೆ. ಕೃತಜ್ಞತೆಗಳಲ್ಲಿ ಮೇಟಿ ಮೇಡಂ ಹೆಸರು ಸೇರಿತು. ಅವರು ಆ ಪುಟವನ್ನು ಚೌಕಟ್ಟು ಹಾಕಿಸಿ ತೂಕದ ಮೇಜಿನ ಹಿಂದೆ ತೂಗುಹಾಕಿದರು.

ರಜೆ ಮುಗಿಯಲು ಇನ್ನೂ ಕೆಲವು ದಿನ ಇದ್ದವು. ಒಂದು ಮುಂಜಾನೆ ಸುಲೋಚನಾ ಗಂಡನ ಜೊತೆ ಗರಡಿಗೆ ಹೋದಳು. ಕಸ್ತೂರಿಯನ್ನು ಆ ದಿನದಿಂದ ಸರಿಯಾಗಿ ಮಾತಾಡಿಸಿರಲಿಲ್ಲ. ಧೈರ್ಯ ಬಂದಿರಲಿಲ್ಲ. ಹುಡುಗಿ ಕೆಂಪು ಮಣ್ಣನ್ನು ಸಲಿಕೆಯಿಂದ ಹದ ಮಾಡುತ್ತಿದ್ದಳು. ಫಕೀರಪ್ಪ ಆ ಕಡೆ ಸಣ್ಣ ಹುಡುಗಿಯರಿಗೆ ಬಸ್ಕಿ ಹೊಡೆಸುತ್ತಿದ್ದ.

"ಕಸ್ತೂರಿ, ಅಷ್ಟೆಲ್ಲಾ ಗದ್ದಲಾ ಮಾಡಿ ನಿನಗ ಏನೂ ಸಿಗಲಿಲ್ಲ ನೋಡು," ಎಂದಳು ಸುಲೋಚನಾ.

ಕಸ್ತೂರಿ ಸಲಿಕೆ ನಿಲ್ಲಿಸಿ ಅಚ್ಚರಿಯಿಂದ ನೋಡಿದಳು. "ಹಂಗ್ಯಾಕಂತೀರಿ ಅಕ್ಕಾರ? ಅವತ್ತು ತೂಕದ ಮ್ಯಾಲಿಂದನ ಹೊರಗ ಹಾಕಿದ್ರ ಸಾಯೂತನಾ ಆ ಮಷಿನ್ನಿಗೆ ಬೈಕೋತ ಕುಂದರ್ತಿದ್ದೆ. ಈಗ ಯಾರಿಗೆ ಬೈಲಿ? ಕಾಲ ಹಿಡಿಯೂದು ತಡಾ ಮಾಡಿದೆ, ಸೋತೆ. ಸೋತಾಕಿ ನಾನ. ಅಷ್ಟ ಗೊತ್ತಾದ್ರ ಮುಂದಿಂದು ಕಲೀಬಹುದಲ್ರಿ."

ಸುಲೋಚನಾಳಿಗೆ ಕಣ್ಣು ತುಂಬಿಕೊಂಡು ಬಂತು.

"ಅಳಬ್ಯಾಡ್ರಿ, ಬರ್ರಿ," ಎಂದು ಕಸ್ತೂರಿ ಆಕೆಯ ಕೈ ಹಿಡಿದು ಮಣ್ಣಿಗೆ ಎಳೆದಳು. "ಅವತ್ತು ನಾ ಯಾವ ಪಟ್ಟಿಗೆ ಬಿದ್ದೆ ಅಂತ ತೋರಸ್ತೀನಿ."

"ಏ ಬ್ಯಾಡ, ಬ್ಯಾಡವಾ, ನಾ ಸೀರಿ ಉಟ್ಟೀನಿ..."

ಮಾತು ಮುಗಿಯುವುದರೊಳಗೆ ಆಕಾಶ ಒಮ್ಮೆ ತಿರುಗಿತು, ಬೆನ್ನು ಮಣ್ಣಿಗೆ ತಾಗಿತು. ಸಣ್ಣ ಹುಡುಗಿಯರು ಬಸ್ಕಿ ಬಿಟ್ಟು ಚಪ್ಪಾಳೆ ಹೊಡೆದರು. ಫಕೀರಪ್ಪ ಗಾಬರಿಯಾಗಿ ಓಡಿ ಬಂದ. ಹೆಂಡತಿ ಅಂಗಾತ ಬಿದ್ದುಕೊಂಡು ನಗುತ್ತಿದ್ದಳು. ಆಕೆ ಅಷ್ಟು ಜೋರಾಗಿ ನಕ್ಕು ಬಹಳ ದಿನವಾಗಿತ್ತು. ಮಣ್ಣು ತಣ್ಣಗಿತ್ತು, ಎಣ್ಣೆ ಮತ್ತು ಅರಿಸಿನದ ವಾಸನೆ ಇತ್ತು.

"ಪೆಟ್ಟಾತೇನು? ಏಳು," ಎಂದ ಫಕೀರಪ್ಪ ಕೈ ಚಾಚಿ.

ಸುಲೋಚನಾ ಮಲಗಿದಲ್ಲೇ ಕೈಗಡಿಯಾರ ನೋಡಿದಳು. ಆಮೇಲೆ ಎರಡೂ ಕೈಗಳನ್ನು ಮಣ್ಣಿನ ಮೇಲೆ ಅಗಲವಾಗಿ ಚಾಚಿ ಕಣ್ಣು ಮುಚ್ಚಿದಳು.

"ತಡೀರಿ," ಎಂದಳು. "ಈಗ ಕೆಳಗ ಬಂದೈತಿ. ನನ್ನ ತೂಕ ಜಾಸ್ತಿ ಆಗೇತಿ. ಅದು ಹೋಗ್ಲಿ, ಆಮ್ಯಾಲೆ ಏಳ್ತೀನಿ."